ಸಾರು ಹಾಕಿದ ವಾರ

"ಇವತ್ತು ಇದಕ್ಕೇನು ತುಂಬಲಿ?"

ಶೀಲಾ ಕೇಳಿದ್ದು ಯಾರನ್ನೂ ಅಲ್ಲ. ಅಡುಗೆಮನೆಯಲ್ಲಿ ಆಗ ಇನ್ನೊಂದು ಜೀವ ಇರಲಿಲ್ಲ. ಕಟ್ಟೆಯ ಮೇಲೆ ಮಗಳ ಸ್ಟೀಲ್ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು, ಒಲೆಯ ಮೇಲೆ ಹಾಲು ಉಕ್ಕಲು ನೋಡುತ್ತಿತ್ತು. ದಿನಾ ಬೆಳಿಗ್ಗೆ ಬಾಯಿಗೆ ಬರುವ ಪ್ರಶ್ನೆ ಅದು. ಉತ್ತರವೂ ದಿನಾ ಒಂದೇ, ಹಾಲು ಕಲಸಿದ ಬಿಳಿ ಅನ್ನ. ಎರಡನೇ ಕ್ಲಾಸಿಗೆ ಹೋಗುವ ಚೈತ್ರಶ್ರೀ ಬೇರೇನನ್ನೂ ತಿನ್ನುತ್ತಿರಲಿಲ್ಲ. ಅಂಚು ಕಪ್ಪಾಗಿದೆ ಎಂದು ಅಕ್ಕಿರೊಟ್ಟಿಯನ್ನು ಬಿಡುವಳು, ಅಂಟುತ್ತದೆ ಎಂದು ಕಡುಬನ್ನು ಬಿಡುವಳು. ಅನ್ನದ ಅಂಚಿಗೆ ಸಾರಿನ ಒಂದು ಹನಿ ತಗಲಿದರೂ ತಟ್ಟೆಯನ್ನೇ ದೂಡುವಳು. ಕೈಕಾಲು ಕಾಫಿ ರೆಂಬೆಯಷ್ಟು ಸಪೂರ. ಪಕ್ಕದ ಮನೆಯ ಭೂತಮ್ಮ ಬೇಲಿಯ ಆಚೆಯಿಂದ, "ಏನೇ ಶೀಲಾ, ಮಗೀಗೆ ಇಕ್ಕೋದನ್ನೂ ನೀನೇ ಉಣ್ತೀಯಾ ಹೆಂಗೆ?" ಎಂದು ಕೇಳಿ ನಗುತ್ತಿದ್ದಳು. ಶೀಲಾಳೂ ನಗುತ್ತಿದ್ದಳು. ಒಳಗೆ ಬಂದ ಮೇಲೆ ಆ ಮಾತು ಎದೆಯಲ್ಲಿ ಹರಳಿನಂತೆ ಚುಚ್ಚುತ್ತಿತ್ತು.

ಆ ಮನೆಯಲ್ಲಿ ಹುಡುಗಿಗೆ ಹೊಟ್ಟೆ ತುಂಬ ಉಣ್ಣಿಸಲು ಬರುತ್ತಿದ್ದದ್ದು ಒಬ್ಬರಿಗೆ ಮಾತ್ರ, ಶೀಲಾಳ ಮಾವ ತೋಟಪ್ಪನವರಿಗೆ. ಊರ ಮೇಲಿನ ಗುಡ್ಡದಲ್ಲಿರುವ ಅಮ್ಮನ ಪೂಜೆ ಅವರ ಮನೆತನದ್ದು. ಅಮ್ಮನ ಹಾಡುಗಳೆಲ್ಲ ಅವರ ಬಾಯಲ್ಲಿದ್ದವು. ಅವರು ಕಲಿತದ್ದು ತಮ್ಮ ತಂದೆಯ ಬಾಯಿಂದ ಕೇಳಿ, ತಂದೆ ಕಲಿತದ್ದು ಅವರ ತಂದೆಯಿಂದ ಕೇಳಿ. ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸಾಲು ಹಾಡುವರು, ಒಂದು ತುತ್ತು ಇಡುವರು. ಸಾಲು ನಿಂತರೆ ಬಾಯಿ ಮುಚ್ಚುತ್ತಿತ್ತು. ತಾತ ಹಾಡುವಾಗ ಗೋಡೆಯ ಆಚೆ ಅಮ್ಮ ಬಂದು ನಿಂತು ಕೇಳುತ್ತಾಳೆ ಎಂದು ಹುಡುಗಿ ನಂಬಿದ್ದಳು. ಹಾಗೆ ಹೇಳಿದವರೂ ತಾತನೇ. ತಾತ ಹೇಳಿದ ಮೇಲೆ ಅದರಲ್ಲಿ ಕೇಳುವುದೇನೂ ಉಳಿಯುತ್ತಿರಲಿಲ್ಲ. ಆದರೆ ಮಧ್ಯಾಹ್ನದ ಡಬ್ಬಿಯ ಜೊತೆ ತಾತನನ್ನು ಕಳಿಸಲಾಗುತ್ತದೆಯೇ? ಡಬ್ಬಿ ಹೋದಂತೆಯೇ ತಿರುಗಿ ಬರುತ್ತಿತ್ತು.

ಊರಿನ ಬೇರೆ ಮಕ್ಕಳೆಲ್ಲ ಅಲ್ಲೇ ಇದ್ದ ಸರ್ಕಾರಿ ಶಾಲೆಗೆ ಹೋಗುತ್ತಿದ್ದವು. ಚೈತ್ರಳ ಅಪ್ಪ ಪ್ರತಾಪ್ ಮಾತ್ರ ಹಟ ಹಿಡಿದು ಮಗಳನ್ನು ಬೆಳಗೋಡಿನ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದ. ಆ ವರ್ಷ ಮಳೆಗಾಲದ ಶುರುವಿಗೆ ಅಲ್ಲಿಗೆ ಹೊಸ ಟೀಚರ್ ಬಂದಳು. ಶಿವಲೀಲಾ ಅಂತ ಹೆಸರು, ಗದಗದ ಕಡೆಯವಳು. ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಎಡಕುಮೇರಿಯ ಕಡೆ ಹಳಿ ಬದಲಿಸುತ್ತಿದ್ದ ಕಾಲ ಅದು, ಅವನು ಕಾಡು ಸೇರಿದರೆ ವಾರಕ್ಕೊಮ್ಮೆ ಮನೆ ಕಾಣುತ್ತಿದ್ದ. ಒಬ್ಬಳೇ ಉಣ್ಣಲು ಬೇಜಾರಾಗಿ ಅವಳು ಮಧ್ಯಾಹ್ನ ಮಕ್ಕಳ ಸಾಲಿನಲ್ಲೇ ಕೂತು ತನ್ನ ಡಬ್ಬಿ ಬಿಚ್ಚುತ್ತಿದ್ದಳು. ಹಾಗೆ ಕೂತಾಗ ಅವಳಿಗೆ ಕಂಡದ್ದು, ಅರ್ಧ ಮಕ್ಕಳು ತಮ್ಮ ಮನೆಯ ಒಂದೆರಡು ಅಡುಗೆ ಬಿಟ್ಟರೆ ಬೇರೆಯದರ ರುಚಿಯನ್ನೇ ಕಂಡಿಲ್ಲ.

ಅದಕ್ಕೆ ಅವಳು ಒಂದು ಆಟ ಹೂಡಿದಳು. ಊಟಕ್ಕೆ ಕೂತೊಡನೆ, ಯಾರೂ ಬಾಯಿಗಿಡುವ ಮೊದಲು, ಪ್ರತಿಯೊಬ್ಬರೂ ತಮ್ಮ ಡಬ್ಬಿಯ ಮುಚ್ಚಳಕ್ಕೆ ಒಂದು ಚಮಚ ಹಾಕಿ ಪಕ್ಕದವರಿಗೆ ದಾಟಿಸಬೇಕು. ಹಾಗಾಗಿ ಎಂಜಲಿನ ಮಾತೇ ಇಲ್ಲ. ತಿನ್ನಲೇಬೇಕೆಂಬ ಒತ್ತಾಯವೂ ಇಲ್ಲ, ನಾಲಿಗೆಗೆ ತಾಗಿಸಿದರೆ ಸಾಕು. ಆದರೆ ಅದು ಯಾವುದರ ಹಾಗೆ ಇದೆ ಅಂತ ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವ ಎರಡು ಮಾತು ಮಾತ್ರ ಆಡಬಾರದು.

ಚೈತ್ರ ಮೊದಮೊದಲು ಮುಚ್ಚಳವನ್ನು ಮೂಸಿ ಕೆಳಗಿಡುತ್ತಿದ್ದಳಂತೆ. ಆಮೇಲೆ ಒಂದು ದಿನ ಯಾರದೋ ಮನೆಯ ಹುರುಳಿ ಪಲ್ಯವನ್ನು ನಾಲಿಗೆಯ ತುದಿಗೆ ಇಟ್ಟುಕೊಂಡು, "ಮಳೆ ಬಿದ್ದ ಮಣ್ಣಿನ ಥರ ಐತೆ ಮಿಸ್" ಅಂದಳಂತೆ. ಮಿಸ್ ತಂದ ಜೋಳದ ರೊಟ್ಟಿಗೆ, "ತಾತನ ಅಂಗೈ ಥರ". ಅದನ್ನು ಹೇಳಿ ನಗುತ್ತ ನಗುತ್ತಲೇ ಅರ್ಧ ರೊಟ್ಟಿ ಒಳಗೆ ಹೋಗಿತ್ತು. ಪಕ್ಕದಲ್ಲಿ ಕೂರುವ ಲಕ್ಷ್ಮಿಯ ಡಬ್ಬಿಯ ಮೇಲೆ ಅವಳಿಗೆ ವಿಶೇಷ ಪ್ರೀತಿ. ಲಕ್ಷ್ಮಿಯ ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ತಾಯಿ ಸುಳ್ಯದ ಕಡೆಯವಳು. ಆ ಡಬ್ಬಿಯಲ್ಲಿ ದಿನಕ್ಕೊಂದು ಬಗೆ.

ದೀಪಾವಳಿ ಕಳೆದು ಚಳಿ ಬಿದ್ದ ಹೊತ್ತಿಗೆ, ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ, ಚೈತ್ರ ತಟ್ಟೆಯಲ್ಲಿದ್ದ ಬಿಳಿ ಅನ್ನವನ್ನು ನೋಡುತ್ತ ಕೂತಿದ್ದವಳು ತಲೆಯೆತ್ತಿ, "ಸಾರು ಹಾಕವ್ವ" ಎಂದಳು. ಶೀಲಾ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಕೇಳಿದ್ದು ನಿಜವೋ ಅಲ್ಲವೋ ಎಂದು ಅವಳಿಗೆ ಅನುಮಾನ. ಹುಡುಗಿ ಇನ್ನೊಮ್ಮೆ ಹೇಳಿದಳು. ಅವತ್ತು ಶೀಲಾ ದೇವರ ಮೂಲೆಯಲ್ಲಿ ಒಂದು ದೀಪ ಹೆಚ್ಚಿಗೆ ಹಚ್ಚಿದಳು. ಮಾರನೆಯ ದಿನ ಮಗಳ ಜೊತೆ ಶಾಲೆಯ ಜೀಪಿನಲ್ಲಿ ಬೆಳಗೋಡಿಗೆ ಹೋಗಿ, ಟೀಚರ್‌ನ ಎರಡೂ ಕೈ ಹಿಡಿದುಕೊಂಡು, ನಮ್ಮ ಮಗು ಈಗ ಸಾರು ಹಾಕು ಅಂತಾಳೆ ಮೇಡಂ ಎಂದು ಹೇಳಿದಳು. ಹೇಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಿವಲೀಲಾಳ ಕಣ್ಣೂ ತುಂಬಿತು. ಸಾರು ಹಾಕು ಎನ್ನುವ ಮಾತು ಆಮೇಲೆ ಅವರಿಬ್ಬರಿಗೂ ಒಂದು ಗುಟ್ಟಿನ ಸಂತೋಷವಾಯಿತು. ಆ ಜೀಪು ಓಡಿಸುವ ಅಣ್ಣಯ್ಯನ ಕೈಲಿ ಶೀಲಾ ಸೊಪ್ಪೋ ಸೀಬೆಹಣ್ಣೋ ಕಳಿಸಿದರೆ, ಅವನ ಕೈಲೇ ಶಿವಲೀಲಾ, "ಸಾರು ಹೆಂಗ ನಡದದ?" ಎಂದು ಕೇಳಿಸುತ್ತಿದ್ದಳು.

ಶಿವರಾತ್ರಿ ಕಳೆಯಿತು. ಕಾಫಿ ಕೊಯ್ಲು ಮುಗಿದು ಗಿಡ ಅರಳಿಸುವ ಹೂಮಳೆಗೆ ಜನ ಮೇಲೆ ನೋಡುವ ದಿನಗಳು ಬಂದವು. ಆಗ ಊರಲ್ಲಿ ಸಾರು ಹಾಕಿದರು.

ಅಮ್ಮನನ್ನು ಗುಡ್ಡದಿಂದ ಊರೊಳಗಿನ ಗುಡಿಗೆ ಕರೆತರುವ ವಾರ ಅದು. ಹಿಂದಿನ ಸಂಜೆ ಕುಳ್ಳಯ್ಯ ತಮಟೆ ಬಡಿಯುತ್ತ ಮನೆಮನೆಯ ಮುಂದೆ ನಿಂತು ಸಾರುತ್ತಾನೆ: ನಾಳೆಯಿಂದ ಅಮ್ಮ ತಿರುಗಿ ಗುಡ್ಡ ಹತ್ತುವ ತನಕ ಯಾವ ಮನೆಯಲ್ಲೂ ಒಗ್ಗರಣೆ ಹಾಕಬಾರದು, ಕರಿಯಬಾರದು, ಹುರಿಯಬಾರದು. ಊರವರ ಬಾಯಲ್ಲಿ ಅದಕ್ಕೆ ಸಾರು ಹಾಕುವುದು ಎಂದೇ ಹೆಸರು. ಒಮ್ಮೆ ಸಾರು ಹಾಕಿದರೆ ಆ ಊರಲ್ಲಿ ಹುಟ್ಟಿದ ಹಸುಗೂಸಿಗೂ ಅದು ಕಟ್ಟು, ಪರವೂರಿಗೆ ಹೋದರೂ ಅಂಥದ್ದನ್ನು ಬಾಯಿಗಿಡುವಂತಿಲ್ಲ. ಸಾರು ಹಾಕಿಸುವ ಹಕ್ಕು ತೋಟಪ್ಪನವರ ಮನೆಯದು, ಅದನ್ನು ಕಾಯುವ ಹೊಣೆಯೂ ಅವರದೇ.

ಯಾಕೆ ಹೀಗೆ ಎನ್ನುವುದಕ್ಕೂ ಹಾಡಿತ್ತು. ಗುಡ್ಡದಾಚೆಯಿಂದ ಅಮ್ಮ ಮುದುಕಿಯಾಗಿ ಹಸಿದು ಬಂದಳಂತೆ. ಊರ ಮೊದಲ ಮನೆಯಲ್ಲಿ ಒಗ್ಗರಣೆಯ ಘಮ, ಬಾಗಿಲು ತಟ್ಟಿದರೆ ಅಡುಗೆ ಆಗಿಲ್ಲ ಎಂದರಂತೆ. ಎರಡನೇ ಮನೆಯಲ್ಲೂ ಘಮ, ಅಲ್ಲೂ ಆಗಿಲ್ಲ. ಕಡೆಯ ಮನೆಯವರು ಬಾಗಿಲನ್ನೇ ತೆಗೆಯಲಿಲ್ಲ. ಅಮ್ಮ ಗುಡ್ಡ ಹತ್ತಿ ಕಲ್ಲಾದಳು. ಅವಳು ಊರಿಗೆ ಬಂದ ದಿನಗಳಲ್ಲಿ ಆ ಘಮ ಮತ್ತೆ ಅವಳ ಮೂಗಿಗೆ ಬೀಳಬಾರದು. ಆ ಸಂಜೆ ತೋಟಪ್ಪನವರು ಈ ಹಾಡು ಹೇಳುತ್ತ ಉಣ್ಣಿಸುವಾಗ ಚೈತ್ರ, ಆಮೇಲೆ ಅಮ್ಮ ಎಲ್ಲಿ ಉಂಡಳು ಎಂದು ಕೇಳಿದಳು. ಹಾಡು ಅಲ್ಲಿಗೇ ಮುಗಿಯುತ್ತದೆ ಎಂದರು ತಾತ. ಹುಡುಗಿ ಬಾಯಲ್ಲಿದ್ದ ತುತ್ತನ್ನು ನುಂಗದೆ ಬಹಳ ಹೊತ್ತು ಯೋಚಿಸಿದಳು.

ಶೀಲಾ ಆ ವಾರ ಡಬ್ಬಿಗೆ ಸಪ್ಪೆ ಕಡುಬು, ಮೊಸರು ತುಂಬಿ ಕಳಿಸಿದಳು. ಟೀಚರ್‌ಗೆ ಒಂದು ಮಾತು ಹೇಳಿ ಕಳಿಸಬೇಕು ಎಂದು ಅವಳಿಗೆ ಹೊಳೆಯಲಿಲ್ಲ. ನಾಳೆ ಬೆಳಗಾಗುತ್ತದೆ ಎಂದು ಯಾರಾದರೂ ಯಾರಿಗಾದರೂ ಹೇಳಿ ಕಳಿಸುತ್ತಾರೆಯೇ? ಸುತ್ತಲಿನ ಯಾವ ಊರಲ್ಲಿ ಕೇಳಿದರೂ ಸಾರು ಹಾಕುವುದೆಂದರೆ ಏನೆಂದು ಹೇಳುತ್ತಿದ್ದರು. ಮಗಳಿಗೂ ಗೊತ್ತಿತ್ತು. ಅಷ್ಟು ಸಾಕೆಂದುಕೊಂಡಳು.

ಅದೇ ವಾರದ ನಡುವೆ ಒಂದು ಮಧ್ಯಾಹ್ನ ಲಕ್ಷ್ಮಿಯ ಡಬ್ಬಿಯಲ್ಲಿ ಎಳೆ ಹಲಸಿನಕಾಯಿಯ ಪಲ್ಯ ಬಂದಿತ್ತು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿ, ಒಣಮೆಣಸು ಸಿಡಿಸಿದ ಒಗ್ಗರಣೆ. ಮುಚ್ಚಳ ದಾಟಿ ಬಂದಾಗ ಚೈತ್ರ ಕೈ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ನಡೆದದ್ದನ್ನು ಶೀಲಾಳಿಗೆ ಹೇಳಿದವರು ಇಬ್ಬರು, ಮೊದಲು ಮಗಳು, ಬಹಳ ದಿನ ಕಳೆದ ಮೇಲೆ ಟೀಚರ್. ಇಬ್ಬರೂ ಹೇಳಿದ್ದು ಒಂದೇ ಆಗಿತ್ತು.

"ಬ್ಯಾಡ ಮಿಸ್. ನಮ್ಮೂರಲ್ಲಿ ಸಾರು ಹಾಕವ್ರೆ" ಎಂದಿದ್ದಳು ಹುಡುಗಿ.

ಶಿವಲೀಲಾಳ ಮುಖ ಅರಳಿತು. ಸಾರಿನ ಮಾತು ಕೇಳಿದರೆ ಅರಳುವ ಅಭ್ಯಾಸ ಆ ಮುಖಕ್ಕೆ ಆಗಿತ್ತಲ್ಲ. "ಹೌದೇನವಾ? ಸಾರು ಹಾಕ್ಯಾರಂತ ಯಾರರ ಪಲ್ಯ ಬಿಡತಾರೇನು?"

"ಹಂಗಲ್ಲ ಮಿಸ್. ಊರಿಗೆಲ್ಲ ಸಾರು ಹಾಕವ್ರೆ."

"ಊರಿಗೆಲ್ಲ ಹಾಕ್ಯಾರಾ? ಹಂಗಾರ ದೊಡ್ಡ ಊಟ ಬಿಡು."

ಮಕ್ಕಳು ನಕ್ಕವು. ಎಸ್ಟೇಟಿನ ಲಕ್ಷ್ಮಿಗೆ ಏನೂ ತಿಳಿಯದು, ಅವಳೂ ನಕ್ಕಳು. ಬೇರೆ ಊರಿನ ಒಂದೆರಡು ಮಕ್ಕಳಿಗೆ ತಿಳಿದಿತ್ತೋ ಏನೋ, ಟೀಚರೇ ನಗುವಾಗ ಅವೂ ನಕ್ಕವು. ಚೈತ್ರಳಿಗೆ ಹೇಳಲು ಬೇರೆ ಮಾತು ಇರಲಿಲ್ಲ. ಅವಳ ಊರಿನಲ್ಲಿ ಅದಕ್ಕೆ ಇದ್ದದ್ದು ಅದೊಂದೇ ಮಾತು, ಅದನ್ನು ಎರಡು ಸಲ ಹೇಳಿಯಾಗಿತ್ತು. ನಾಚಿಕೆಯಿಂದ ಕಿವಿ ಕೆಂಪಾಗಿ ಅವಳು ಚಮಚ ಬಾಯಿಗಿಟ್ಟಳು. ಕೆಲವು ದಿನಗಳಿಂದ ಸಪ್ಪೆ ಉಂಡ ನಾಲಿಗೆ. ಮಿಸ್ ಯಾವುದರ ಹಾಗಿದೆ ಎಂದು ಕೇಳಿದಾಗ, "ಒಲೆ ಪಕ್ಕ ಕೂತಂಗೈತೆ" ಎಂದಳು. ಆಮೇಲೆ ತಾನಾಗಿಯೇ ಇನ್ನೊಂದು ಚಮಚ ಕೇಳಿದಳು.

ಸಂಜೆ ಬಂದವಳೇ ಅಡುಗೆಮನೆಗೆ ನುಗ್ಗಿ, ಲಕ್ಷ್ಮಿಯ ಮನೆಯ ಹಾಗೆ ಹಲಸಿನ ಪಲ್ಯ ಮಾಡವ್ವ ಎಂದು ಎಲ್ಲವನ್ನೂ ಹೇಳಿದಳು. ಶೀಲಾ ಅವಳ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ನೋಡಿದಳು. ಜಗಲಿಯಲ್ಲಿ ಮಾವನ ಹಾಡು ಕೇಳುತ್ತಿತ್ತು. ತಾತನಿಗೆ ಇದನ್ನು ಹೇಳಬಾರದು ಎಂದು ಮೆಲ್ಲಗೆ ಹೇಳಿದಳು. ಹುಡುಗಿ ಬೆಚ್ಚಿ, ಅದು ತಪ್ಪಾ ಎಂದು ಕೇಳಿದಳು. ತಾನು ಮಿಸ್‌ಗೆ ಹೇಳಿದ್ದೆ, ಎರಡು ಸಲ ಹೇಳಿದ್ದೆ ಎಂದಳು.

"ತಪ್ಪಲ್ಲ ಕಣವ್ವ" ಎಂದಳು ಶೀಲಾ. "ಆದ್ರೂ ಹೇಳ್ಬ್ಯಾಡ."

ಆ "ಆದ್ರೂ" ಎನ್ನುವ ಮಾತು ಬೇಡವಾಗಿತ್ತು ಎಂದು ಶೀಲಾಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ತಪ್ಪಲ್ಲದ್ದನ್ನು ಯಾಕೆ ಮುಚ್ಚಿಡಬೇಕು ಎಂದು ಏಳು ವರ್ಷದ ಮಗುವೂ ಕೇಳಿಕೊಳ್ಳಬಲ್ಲದು. ಆ ಸಂಜೆ ತಾತನ ತೊಡೆಯ ಮೇಲೆ ಚೈತ್ರ ಬೇಗ ಬೇಗ ಉಂಡು ಎದ್ದುಬಿಟ್ಟಳು.

ವಾರದ ಕೊನೆಗೆ ಅಮ್ಮನನ್ನು ಗುಡ್ಡಕ್ಕೆ ಕಳಿಸುವ ಮೊದಲು ಹೂ ಕೇಳುವ ಪದ್ಧತಿ. ಒದ್ದೆ ಹೂಗಳನ್ನು ಅಮ್ಮನ ನೆತ್ತಿಗೆ ಏರಿಸಿ ಊರೆಲ್ಲ ಗುಡಿಯ ಮುಂದೆ ಕೂರುತ್ತದೆ. ಬಲಗಡೆಯಿಂದ ಹೂ ಬಿದ್ದರೆ ಅಮ್ಮ ಒಪ್ಪಿದಳು ಎಂದು. ಆ ವರ್ಷ ಹೂ ಬೀಳಲಿಲ್ಲ. ತೋಟಪ್ಪನವರು ಹಾಡಿದರು, ಗಂಟಲು ಒಡೆಯುವ ತನಕ ಹಾಡಿದರು. ಬಿಸಿಲು ಗುಡಿಯ ಮೆಟ್ಟಿಲು ಹತ್ತಿ ಒಳಗೆ ಬಂತು. ಹೂ ಅಲ್ಲಾಡಲಿಲ್ಲ. ಜನರಲ್ಲಿ ಗುಸುಗುಸು ಎದ್ದಿತು. ಯಾರದೋ ಮನೆಯಲ್ಲಿ ಸಾರು ಮುರಿದಿದೆ ಎಂದು ದ್ಯಾವಯ್ಯ ಎಂಬ ಹಿರಿಯರು ಎಲ್ಲರಿಗೂ ಕೇಳುವಂತೆ ಹೇಳಿದರು.

ತೋಟಪ್ಪನವರು ಹಾಡು ನಿಲ್ಲಿಸಿ ಮನೆಮನೆಯ ಯಜಮಾನನನ್ನು ಹೆಸರು ಹಿಡಿದು ಕೇಳುತ್ತ ಬಂದರು. ಒಬ್ಬೊಬ್ಬರೂ ಎದ್ದು ನಿಂತು, ಅಮ್ಮನ ಕಡೆ ಕೈ ಮುಗಿದು, ನಮ್ಮ ಮನೆಯಲ್ಲಿಲ್ಲ ಎಂದರು. ಕಡೆಗೆ ತಮ್ಮ ಮನೆಯ ಸರದಿ. ಶೀಲಾ ಆ ಹೊತ್ತಿಗೆ ಮಗಳ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ಪ್ರತಾಪ್‌ಗೆ ಏನೂ ಗೊತ್ತಿರಲಿಲ್ಲ. ಅವನು ಎದ್ದು ಕೈ ಮುಗಿದು, ನಮ್ಮ ಮನೆಯಲ್ಲಿಲ್ಲ ಎಂದ.

"ನಾನು ತಿಂದೆ ತಾತ."

ಸಣ್ಣ ದನಿ. ಆದರೂ ಅಷ್ಟು ಜನರ ನಡುವೆ ಅದೊಂದೇ ದನಿ ಇತ್ತು. ಅಮ್ಮನ ಮುಂದೆ ಇಲ್ಲದ್ದನ್ನು ಆಡಬಾರದು ಎಂದು ಅವಳಿಗೆ ಕಲಿಸಿದವರೇ ಕೇಳುತ್ತಿದ್ದರು. ಅವಳು ಇನ್ನೇನು ಮಾಡಬೇಕಿತ್ತು?

ತೋಟಪ್ಪನವರು ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು. ಬೈಗುಳವಾದರೆ ಮಗು ಅತ್ತು ಮರೆಯುತ್ತಿತ್ತು. ಅವರು ಮೊಮ್ಮಗಳನ್ನು ಹತ್ತಿರ ಕರೆದು, ತಲೆಯ ಮೇಲೆ ಕೈಯಿಟ್ಟು, ಏನು ತಿಂದೆ, ಎಲ್ಲಿ ತಿಂದೆ ಎಂದು ಮೆತ್ತಗೆ ಕೇಳಿದರು. ಎಷ್ಟು ಸಲ ಎಂದು ದ್ಯಾವಯ್ಯ ಕೇಳಿದಾಗ ಹುಡುಗಿ, ಎರಡು ಚಮಚ, ಎರಡನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ ಎಂದಳು. ತೋಟಪ್ಪನವರ ಕಣ್ಣು ಮುಚ್ಚಿತು. ಅವರು ಅಮ್ಮನ ಕಡೆ ತಿರುಗಿ, ಹಾಡಿ ಹಾಡಿ ಬಿರುಕು ಬಿಟ್ಟಿದ್ದ ದನಿಯಲ್ಲಿ, ಊರೆಲ್ಲ ಕೇಳುವಂತೆ, "ನಮ್ಮನೆ ಮಗೀನ ಬಾಯಿಂದ ತಪ್ಪಾಗೈತೆ ತಾಯಿ, ಹೊಟ್ಟೆಗೆ ಹಾಕ್ಕೋ" ಎಂದರು. ಅಮ್ಮನ ಮುಂದಿನ ಬೂದಿ ತೆಗೆದು ಮೊಮ್ಮಗಳ ನಾಲಿಗೆಗೆ ಉಜ್ಜಿದರು. ಹುಡುಗಿ ನಾಲಿಗೆಯನ್ನು ಚಾಚಿಕೊಂಡೇ ನಿಂತಿದ್ದಳು, ಒಳಗೆಳೆದುಕೊಳ್ಳಬಹುದೋ ಇಲ್ಲವೋ ತಿಳಿಯದೆ.

ಆಗ ಹೂ ಬಿತ್ತು. ಬಲಗಡೆಯಿಂದಲೇ ಬಿತ್ತು. ತಮಟೆ ಮೊಳಗಿತು, ಹೆಂಗಸರು ಕಣ್ಣೊರೆಸಿಕೊಂಡರು. ಶೀಲಾ ಕಂಡದ್ದು ಒಂದನ್ನೇ. ಮಗಳು ಆ ಹೂವನ್ನು ನೋಡುತ್ತಿದ್ದಳು. ನೋಡಿ, ತುಟಿಗಳನ್ನು ಒಳಗೆ ಮಡಿಸಿಕೊಂಡಳು.

ಅವತ್ತು ಮನೆಗೆ ಬಂದ ಮೇಲೆ ಪ್ರತಾಪ್ ಕೋಣೆಯ ಬಾಗಿಲು ಹಾಕಿ, ಒದ್ದೆ ಹೂ ಒಣಗಿದರೆ ಬೀಳುತ್ತದೆ, ಬಿಸಿಲು ಒಳಗೆ ಬಂದಿತ್ತು, ಬಿತ್ತು, ಅಷ್ಟೇ ಎಂದ. ಅಪ್ಪನ ಕಿವಿಗೆ ಬೀಳದಷ್ಟು ಮೆಲ್ಲಗೆ ಹೇಳಿದ. ಹೊರಗೆ ಹೋಗಿ ಹೇಳು ಎಂದಳು ಶೀಲಾ. ಅವನು ಟವೆಲ್ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ಹೊರಟ.

ಸಾರು ಎತ್ತಿದರು. ಊರ ತುಂಬ ಒಗ್ಗರಣೆಯ ಸದ್ದು ಮತ್ತೆ ಶುರುವಾಯಿತು. ಚೈತ್ರಳ ಬಾಯಿ ಮಾತ್ರ ತೆರೆಯಲಿಲ್ಲ. ತಟ್ಟೆ ಇಟ್ಟರೆ, ಒಗ್ಗರಣೆ ಹಾಕಿದ್ದೀಯಾ ಎಂದು ಕೇಳುವಳು. ಇಲ್ಲ ಎಂದರೂ ನಂಬದೆ ಅನ್ನದ ಅಗುಳನ್ನು ಒಂದೊಂದಾಗಿ ಬಿಡಿಸಿ ನೋಡುವಳು. ಮೊದಲು ಸಾರು ಬಿಟ್ಟಳು, ಆಮೇಲೆ ಉಪ್ಪು, ಆಮೇಲೆ ಹಾಲು. ಗಂಜಿಯ ತಿಳಿಯನ್ನು ಎರಡು ಗುಟುಕು ಕುಡಿದು, ಬಾಯಿ ತೊಳೆದು, ನಾಲಿಗೆಯನ್ನು ಅಂಗೈಯಿಂದ ಒರೆಸಿಕೊಳ್ಳುತ್ತಿದ್ದಳು. ತಾತ ತೊಡೆಯ ಮೇಲೆ ಕೂರಿಸಿಕೊಂಡು ಹಾಡಿದರೆ ಕಣ್ಣು ಮುಚ್ಚಿ ಕೇಳುವಳು. ತುತ್ತು ತಂದರೆ ತಲೆ ಆಡಿಸುವಳು. ಸಕಲೇಶಪುರದ ಡಾಕ್ಟರು ಟಾನಿಕ್ ಬರೆದುಕೊಟ್ಟು, ಮಗು ಏನಕ್ಕೋ ಹೆದರಿದೆ ಎಂದರು. ಏನಕ್ಕೆ ಎಂದು ಶೀಲಾ ಹೇಳಲಿಲ್ಲ. ತೂಕ ಇನ್ನೂ ಇಳಿದರೆ ಹಾಸನದ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಕಳಿಸಿದರು. ಭೂತಮ್ಮ ಬೇಲಿಯ ಹತ್ತಿರ ಬಂದರೂ ಈಗ ತಮಾಷೆ ಮಾಡುತ್ತಿರಲಿಲ್ಲ.

ಹುಡುಗಿ ಶಾಲೆಗೆ ಬಾರದಿದ್ದದ್ದು ಕಂಡು ಶಿವಲೀಲಾ ಅಣ್ಣಯ್ಯನನ್ನು ಕೇಳಿದಳು. ಅವನು ಜೀಪಿನ ಬಾಗಿಲಿಗೆ ಒರಗಿಕೊಂಡು ಎಲ್ಲವನ್ನೂ ಹೇಳಿದ. ಸಾರು ಹಾಕುವುದೆಂದರೆ ಅಮ್ಮನ ಹೆಸರಲ್ಲಿ ಡಂಗುರ ಹೊಡೆಸುವುದು ಎಂದು ಅವಳಿಗೆ ತಿಳಿದದ್ದು ಆಗ. ಮರುದಿನವೇ ಮುಚ್ಚಳದ ಆಟವನ್ನು ನಿಲ್ಲಿಸುವಂತೆ ಹೆಡ್‌ಮಾಸ್ಟರು ಹೇಳಿದರು. ಅಷ್ಟರೊಳಗೆ ಅವಳೇ ನಿಲ್ಲಿಸಿದ್ದಳು. ಮಕ್ಕಳು ತಮ್ಮ ತಮ್ಮ ಡಬ್ಬಿಗೆ ಕೈ ಅಡ್ಡ ಇಟ್ಟುಕೊಂಡು ಉಣ್ಣತೊಡಗಿದ್ದವು.

ಭಾನುವಾರ ಅವಳು ಬಸ್ಸಿಳಿದು, ದಾರಿ ಕೇಳುತ್ತ, ಮಧ್ಯಾಹ್ನದ ಬಿಸಿಲಲ್ಲಿ ನಡೆದು ಬಂದಳು. ಶೀಲಾ ಬಾಗಿಲಲ್ಲೇ ಎದುರಾದಳು. ಬೈಯಬೇಕೆಂದು ಎಷ್ಟೋ ದಿನದಿಂದ ಕೂಡಿಟ್ಟ ಮಾತುಗಳಿದ್ದವು, ಆ ಮುಖ ನೋಡಿದ ಮೇಲೆ ಒಂದು ಚೊಂಬು ನೀರು ತಂದುಕೊಟ್ಟಳು.

"ನಮ್ಮ ಕಡೇನೂ ದ್ಯಾಮವ್ವಗ ವಾರ ಹಿಡೀತಾರ್ರಿ" ಎಂದಳು ಶಿವಲೀಲಾ. "ಆ ವಾರ ಯಾರೂ ರೊಟ್ಟಿ ಬಡಿಯಂಗಿಲ್ಲ. ನಾನೂ ಸಣ್ಣಾಕಿದ್ದಾಗ ಹಿಡದೀನಿ. ವಾರ ಅಂತ ಒಂದು ಮಾತು ಅಂದಿದ್ರ ನನಗ ತಿಳೀತಿತ್ತು. ಅಕಿ ಸಾರು ಅಂದ್ಲು."

ಜಗಲಿಯ ಕಂಬಕ್ಕೆ ಒರಗಿ ಚೈತ್ರ ಕೂತಿದ್ದಳು. ಕೊರಳಿನ ಎರಡೂ ಮೂಳೆ ಎದ್ದು ಕಾಣುತ್ತಿತ್ತು. ಮಿಸ್ ಹತ್ತಿರ ಬಂದು ಕೂತು, ನಿನ್ನದೇನೂ ತಪ್ಪಿಲ್ಲ, ನೀನು ಹೇಳಿದ್ದು ನನಗೇ ತಿಳಿಯಲಿಲ್ಲ ಎಂದು ಹೇಳಿದರೆ, ಅವಳು ಪಾಠ ಕೇಳುವ ಹಾಗೆ ಸುಮ್ಮನೆ ಕೇಳಿದಳು. ಕೇಳಿ, ಹೂ ಬಿತ್ತಲ್ಲ ಮಿಸ್ ಎಂದಳು. ಶಿವಲೀಲಾ ಎದ್ದು, ಜಗಲಿಯ ಇನ್ನೊಂದು ತುದಿಯಲ್ಲಿ ಕೂತಿದ್ದ ತೋಟಪ್ಪನವರ ಮುಂದೆ ಹೋಗಿ ನೆಲದ ಮೇಲೆ ಕೂತಳು.

ತಪ್ಪೆಲ್ಲ ನನ್ನದು, ನಿಮ್ಮ ಅಮ್ಮನ ಮುಂದೆ ನಾನೇ ಬಂದು ನಿಲ್ಲುತ್ತೇನೆ, ಆ ಬೂದಿಯನ್ನು ನನ್ನ ನಾಲಿಗೆಗೆ ಹಚ್ಚಿ ಎಂದು ಕೈ ಮುಗಿದಳು. ತೋಟಪ್ಪನವರು ಆ ಮುಗಿದ ಕೈಗಳನ್ನು ನೋಡಿ ತಾವೂ ಕೈ ಮುಗಿದರು.

"ನೀವು ಪರವೂರವ್ರು ಟೀಚರಮ್ಮ. ನಿಮ್ಮ ಮ್ಯಾಲೆ ಸಾರು ಇಲ್ಲ" ಎಂದರು. ಸಾರು ಇಲ್ಲದವರಿಗೆ ತಪ್ಪೂ ಇಲ್ಲ, ಬೂದಿಯೂ ಇಲ್ಲ. ಅವರ ಮಾತಿನಲ್ಲಿ ಕೋಪ ಇರಲಿಲ್ಲ.

"ಹಂಗಾದ್ರ ಅಕಿಗೆ ಒಂದು ಮಾತು ಹೇಳ್ರಿ ಅಜ್ಜಾರ. ನಿಂದೇನೂ ತಪ್ಪಿಲ್ಲ ಅಂತ. ನಾವು ಯಾರು ಹೇಳಿದ್ರೂ ಅಕಿ ನಂಬಂಗಿಲ್ಲ. ನೀವು ಅಂದ್ರ ಉಣ್ಣತಾಳ."

ತೋಟಪ್ಪನವರು ಹೇಳತೊಡಗಿದರು. ಅವರ ತಂದೆ ಸಾಯುವಾಗಲೂ ಹೇಳಿದ್ದು ಇಷ್ಟೇ, ಅಮ್ಮನ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಡ ಎಂದು. ಅವತ್ತು ತಾವು ಆಡಿದ ಮಾತನ್ನು ಅಮ್ಮ ಕೇಳಿ ಹೂ ಕೊಟ್ಟಳು, ಊರೇ ನೋಡಿತು. ಈಗ ತಪ್ಪಿಲ್ಲ ಎಂದರೆ ಅಮ್ಮ ಕೊಟ್ಟ ಹೂ ಸುಳ್ಳಾಗುತ್ತದೆ. ಹೂ ಸುಳ್ಳಾದರೆ ಹಾಡೂ ಸುಳ್ಳು, ತಲೆತಲೆಯಿಂದ ಹಾಡಿಕೊಂಡು ಬಂದವರೆಲ್ಲರೂ ಸುಳ್ಳು. ಮಗುವಿನ ಸಂಕಟ ತಮಗೆ ಗೊತ್ತಿಲ್ಲದೆ ಇಲ್ಲ. ಅವತ್ತಿನಿಂದ ತಾವೂ ಉಪ್ಪು ಬಿಟ್ಟಿದ್ದೇವೆ, ಸಾರು ಬಿಟ್ಟಿದ್ದೇವೆ, ಅವಳು ಕುಡಿಯುವ ಗಂಜಿಯನ್ನೇ ಕುಡಿಯುತ್ತಿದ್ದೇವೆ, ಅವಳಿಗೆ ಏನಾಗುತ್ತದೋ ತಮಗೂ ಅದೇ ಆಗಲಿ ಎಂದರು. ಹೇಳುವಾಗ ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನೀವು ಬಿಟ್ರ ಅಕಿ ಹೊಟ್ಟಿ ತುಂಬತದೇನ್ರಿ?" ಎಂದಳು ಶಿವಲೀಲಾ.

ಶೀಲಾ ಬಾಗಿಲ ಹೊಸ್ತಿಲಲ್ಲಿ ನಿಂತಿದ್ದಳು. ಮದುವೆಯಾಗಿ ಬಂದ ಮೇಲೆ ಮಾವನ ಮಾತಿಗೆ ಒಮ್ಮೆಯೂ ಎದುರು ಮಾತಾಡಿದವಳಲ್ಲ. ಈಗ ಹೊಸ್ತಿಲು ದಾಟಿ ಬಂದು ಅವರ ಕಾಲ ಹತ್ತಿರ ಕೂತಳು. ಗಂಡನನ್ನು ನೋಡಿದಳು. ಅವನು ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

"ಸುಳ್ಳೇ ಆಗ್ಲಿ ಮಾವ" ಎಂದಳು. "ನಿನ್ನ ತಪ್ಪಿಲ್ಲ ಅಂತ ಒಂದೇ ಒಂದ್ಸಲ ಹೇಳಿ. ಅದರ ಪಾಪ ನಾನು ಹೊತ್ಕೋತೀನಿ."

ಕಂಬದ ಹತ್ತಿರ ಚೈತ್ರ ನೆಟ್ಟಗೆ ಕೂತಿದ್ದಳು. ಅವಳ ಕಣ್ಣು ತಾತನ ಬಾಯಿಯ ಮೇಲೆಯೇ ಇತ್ತು. ಹಾಡಿನ ಸಾಲು ಬರುವ ಮೊದಲು ಹಾಗೆ ನೋಡುವುದು ಅವಳ ರೂಢಿ. ಎಷ್ಟೋ ದಿನಗಳ ಮೇಲೆ ಅವಳ ತುಟಿಗಳು ತುಸುವೇ ಬಿಟ್ಟುಕೊಂಡಿದ್ದವು. ಅದನ್ನು ಶೀಲಾ, ಶಿವಲೀಲಾ ಇಬ್ಬರೂ ಕಂಡರು. ತೋಟಪ್ಪನವರೂ ಕಂಡರು.

"ಹೇಳಲ್ಲ" ಎಂದರು.